ಗಿರಣಿ ಮುಚ್ಚಿದರೂ ಬೆಂಗಳೂರು ಬೆಳೆಯಿತು, ಗಣಿ ಮುಚ್ಚಿದ ಕೆಜಿಎಫ್ ಏಕೆ ಸೊರಗಿತು?

ಪ್ರಶ್ನೆ: ಬೆಂಗಳೂರಿನಲ್ಲಿ ಬಿನ್ನಿ ಮಿಲ್, ರಾಜಾ ಮಿಲ್, ಮಿನರ್ವ ಮಿಲ್ ಎಲ್ಲವೂ ಮುಚ್ಚಿದವು. ನಗರಕ್ಕೆ ಅದರಿಂದ ಏನೂ ಆದಂತಿಲ್ಲ. ಕೋಲಾರದ ಚಿನ್ನದ ಗಣಿ ಮುಚ್ಚಿದ್ದೇ ತಡ, ಕೆಜಿಎಫ್ ಮತ್ತೆ ಮೇಲೇಳಲಿಲ್ಲ. ಎರಡೂ ಊರುಗಳ ನಡುವೆ ಇರುವುದು ನೂರು ಕಿಲೋಮೀಟರ್ ಅಷ್ಟೇ. ಹೀಗೇಕೆ?

ಉತ್ತರ: ಒಂದೇ ಮಾತಿನಲ್ಲಿ ಹೇಳುವುದಾದರೆ, ಬೆಂಗಳೂರಿಗೆ ಗಿರಣಿ ಬರುವ ಮೊದಲೇ ಪೇಟೆ ಇತ್ತು, ದಂಡು (ಬ್ರಿಟಿಷರ ಸೇನಾ ನೆಲೆ) ಇತ್ತು. ಕೆಜಿಎಫ್‌ನಲ್ಲಿ ಗಣಿ ಬಂದ ಮೇಲೆ ಊರು ಬಂತು. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಕೆಜಿಎಫ್‌ನ ಪಾಡು ಹಣೆಬರಹ ಎಂದಂತಾಗುತ್ತದೆ. ಅದು ಹಣೆಬರಹವಲ್ಲ. ಅಲ್ಲಿ ನಡೆದದ್ದನ್ನೂ ನಡೆಯದೆ ಉಳಿದದ್ದನ್ನೂ ಸ್ವಲ್ಪ ಬಿಡಿಸಿ ನೋಡಬೇಕು.

ಮೊದಲು ಬೆಂಗಳೂರಿನ ಕಥೆ, ಅದು ಚಿಕ್ಕದು. ಬಿನ್ನಿ ಮಿಲ್ ಎಂದು ಎಲ್ಲರೂ ಕರೆಯುವ ಬೆಂಗಳೂರು ಉಣ್ಣೆ, ಹತ್ತಿ ಮತ್ತು ರೇಷ್ಮೆ ಗಿರಣಿ ಶುರುವಾದದ್ದು 1884ರಲ್ಲಿ. ಮಲ್ಲೇಶ್ವರದ ಅಂಚಿನ ರಾಜಾ ಮಿಲ್ ಕೂಡ ಹೆಚ್ಚುಕಡಿಮೆ ಅದೇ ಕಾಲದ್ದು. ಮಿನರ್ವ ಮಿಲ್ಲಿನ ಹೆಸರು ಕಾನೂನು ಓದಿದವರಿಗೆಲ್ಲ ಬಾಯಿಪಾಠ. ಸಂವಿಧಾನದ ಮೂಲರಚನೆಯನ್ನು ಸಂಸತ್ತು ಬದಲಿಸುವಂತಿಲ್ಲ ಎಂಬುದನ್ನು ಸುಪ್ರೀಂ ಕೋರ್ಟ್ 1980ರಲ್ಲಿ ಗಟ್ಟಿಯಾಗಿ ಹೇಳಿದ್ದು ಈ ಗಿರಣಿಯ ಮೊಕದ್ದಮೆಯಲ್ಲೇ. ತೀರ್ಪು ಇಂದಿಗೂ ಜೀವಂತವಾಗಿದೆ, ಗಿರಣಿಯಲ್ಲಿ ಮಾತ್ರ ನೂಲು ನಿಂತು ಬಹಳ ಕಾಲವಾಯಿತು.

ಈ ಗಿರಣಿಗಳು ಒಂದೊಂದಾಗಿ ನಿಲ್ಲುವ ಹೊತ್ತಿಗೆ ನಗರ ಬೇರೆ ಕಡೆ ಕಾಲೂರಿತ್ತು. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಬಂದಿದ್ದವು. ಅವುಗಳ ಸುತ್ತ ಪೀಣ್ಯದಂತಹ ಕಡೆ ಸಾವಿರಾರು ಸಣ್ಣ ಕಾರ್ಖಾನೆಗಳು ಹುಟ್ಟಿದವು, ಆಮೇಲೆ ಗಾರ್ಮೆಂಟ್ಸ್, ಕೊನೆಗೆ ಸಾಫ್ಟ್‌ವೇರ್. ಎಚ್‌ಎಂಟಿಯ ಗಡಿಯಾರ ಘಟಕ, ಎನ್‌ಜಿಇಎಫ್, ಮೈಸೂರು ಲ್ಯಾಂಪ್ಸ್ ಕೂಡ ಮುಂದೆ ಬಾಗಿಲು ಹಾಕಿದವು. ಅಷ್ಟರಲ್ಲಿ ನಗರಕ್ಕೆ ಬೇರೆ ಸಂಪಾದನೆ ಹತ್ತಿತ್ತು.

ಆದರೆ ಗಿರಣಿಯವರೇ ಉದ್ಧಾರವಾದರು ಎಂದು ಭಾವಿಸಬೇಡಿ. ಉದ್ಧಾರವಾದದ್ದು ಗಿರಣಿ ನಿಂತಿದ್ದ ನೆಲ. ರಾಜಾ ಮಿಲ್ ಇದ್ದ ಜಾಗದಲ್ಲಿ ಈಗ ಮಂತ್ರಿ ಸ್ಕ್ವೇರ್ ಮಾಲ್ ಇದೆ, ಪಕ್ಕದ ಮೆಟ್ರೊ ನಿಲ್ದಾಣಕ್ಕೂ ಆ ಮಾಲಿನ ಹೆಸರೇ ಅಂಟಿತು. ಬಿನ್ನಿ ಮಿಲ್ಲಿನ ಜಾಗದಲ್ಲಿ ಅಪಾರ್ಟ್‌ಮೆಂಟ್ ಗೋಪುರಗಳಿವೆ. ನಗರದ ನಟ್ಟನಡುವೆ ಎಕರೆಗಟ್ಟಲೆ ನೆಲ ಹಿಡಿದುಕೊಂಡಿದ್ದ ಗಿರಣಿಗೆ, ಕೊನೆಕೊನೆಗೆ, ನೇಯುವ ಬಟ್ಟೆಗಿಂತ ನೆಲವೇ ಬೆಲೆಬಾಳುತ್ತಿತ್ತು. ಬೆಲೆಬಾಳುವ ನೆಲದ ಮೇಲೆ ಪಾಳು ಕಟ್ಟಡ ಬಹಳ ದಿನ ನಿಲ್ಲುವುದಿಲ್ಲ. ಹಾಗಾಗಿ ಬೆಂಗಳೂರಿನಲ್ಲಿ ಕಟ್ಟಡ ಹೋಗಿ ಹೆಸರು ಉಳಿಯಿತು. ಬಿನ್ನಿ ಮಿಲ್ ನಿಲ್ದಾಣದಲ್ಲಿ ಇಳಿಯುವವರಿಗೆ ಮಿಲ್ ಎಲ್ಲಿದೆ ಎಂದು ಕೇಳುವ ಅಗತ್ಯವೇ ಬೀಳುವುದಿಲ್ಲ. ಮೆಜೆಸ್ಟಿಕ್ ಎಂಬ ಚಿತ್ರಮಂದಿರವಿತ್ತು ಎಂಬುದನ್ನು ಅರಿಯದೆಯೇ ನಿತ್ಯ ಲಕ್ಷಾಂತರ ಜನ ಮೆಜೆಸ್ಟಿಕ್‌ಗೆ ಹೋಗಿಬರುವುದಿಲ್ಲವೇ? ಬಿನ್ನಿಪೇಟೆ ಎಂಬ ವಿಧಾನಸಭಾ ಕ್ಷೇತ್ರವೂ ಇತ್ತು. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಅದೂ ಹೋಯಿತು.

ಈಗ ಕೆಜಿಎಫ್.

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ಪುಟ್ಟ ರೈಲು ಮಾರ್ಗದಲ್ಲಿ ಕುಳಿತು ನಿಲ್ದಾಣದ ಫಲಕಗಳನ್ನು ಓದುತ್ತಾ ಹೋಗಿ: ಕೋರಮಂಡಲ್, ಬೆಮೆಲ್ ನಗರ, ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ. ಭಾರೀ ಯಂತ್ರ ತಯಾರಿಸುವ ಸರ್ಕಾರಿ ಕಂಪನಿಯ ಹೆಸರಿನ ಬೆಮೆಲ್ ನಗರವನ್ನು ಬಿಟ್ಟರೆ ಉಳಿದವೆಲ್ಲ ಗಣಿಗಾರಿಕೆಯ ಹಳೆಯ ಹೆಸರುಗಳು. ಇಲ್ಲಿ ಹೆಸರೂ ಉಳಿದಿದೆ, ಕಟ್ಟಡವೂ ಉಳಿದಿದೆ. ಶಾಫ್ಟ್‌ಗಳ (ಗಣಿಗೆ ಇಳಿಯುವ ಆಳದ ಬಾವಿಗಳ) ನೆತ್ತಿಯ ಮೇಲಿನ ಉಕ್ಕಿನ ಗೋಪುರಗಳಲ್ಲಿ ಕೆಲವು ಇನ್ನೂ ನಿಂತಿವೆ. ಹೆಂಚಿನ ಬಂಗಲೆಗಳಿವೆ, ಕ್ಲಬ್ ಇದೆ. ಇಲ್ಲದಿರುವುದು ಕೆಲಸ ಒಂದೇ. ಬೆಂಗಳೂರಿಗೂ ಇಲ್ಲಿಗೂ ಇರುವ ವ್ಯತ್ಯಾಸವನ್ನು ಕಣ್ಣಾರೆ ನೋಡಬೇಕೆಂದರೆ ಇಷ್ಟು ಸಾಕು. ಇಲ್ಲಿನ ನೆಲಕ್ಕೆ ಗಿರಾಕಿ ಬರಲಿಲ್ಲ, ಹಾಗಾಗಿ ಕೆಡವುವವರೂ ಬರಲಿಲ್ಲ. ಕಳ್ಳರು ಮಾತ್ರ ಬಂದರು, ಗುಜರಿಗೆ ಹಾಕಬಹುದಾದ ಕಬ್ಬಿಣವನ್ನು ಬಿಚ್ಚಿಕೊಂಡು ಹೋದರು.

ಕಂಪನಿ ಈ ಊರನ್ನು ಎಷ್ಟರ ಮಟ್ಟಿಗೆ ಹೊತ್ತುಕೊಂಡಿತ್ತು ಎಂಬುದು ಈಗಿನವರಿಗೆ ಊಹಿಸುವುದೂ ಕಷ್ಟ. ಮೈಕೆಲ್ ಲಾವೆಲ್ ಎಂಬ ಐರಿಷ್ ನಿವೃತ್ತ ಸೈನಿಕ (ಬೆಂಗಳೂರಿನ ಲ್ಯಾವೆಲ್ಲೆ ರಸ್ತೆ ಇವನ ಹೆಸರಿನದೇ) ಮೈಸೂರು ಸರ್ಕಾರದಿಂದ 1875ರಲ್ಲಿ ಪರವಾನಗಿ ಪಡೆದ. ಆತನಿಂದ ಅಷ್ಟೇನೂ ಆಗಲಿಲ್ಲ. 1880ರ ನಂತರ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕಾಲಿಟ್ಟ ಮೇಲೆ ಗಣಿಗಾರಿಕೆ ನೆಲೆ ನಿಂತಿತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಗಣಿಗೆ ವಿದ್ಯುತ್ ತಂದರು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುತ್ ದೀಪ ಹತ್ತಿದ್ದು ಅದಕ್ಕಿಂತ ಮೂರು ವರ್ಷ ತಡವಾಗಿ. ಕುಡಿಯುವ ನೀರು ಬೇತಮಂಗಲದಿಂದ ಬರುತ್ತಿತ್ತು. ಆಸ್ಪತ್ರೆ, ಶಾಲೆ, ಮನೆ, ದೀಪ, ನಲ್ಲಿ ಎಲ್ಲವೂ ಕಂಪನಿಯವು. ಪುರಸಭೆ ಮಾಡಬೇಕಾದ ಕೆಲಸವನ್ನು ಮಾಲೀಕನೇ ಮಾಡುತ್ತಿದ್ದ ಊರಿನಲ್ಲಿ ಮಾಲೀಕ ಹೊರಟುಹೋದರೆ ಸಂಬಳದ ಜೊತೆಗೆ ನಲ್ಲಿಯೂ ಒಣಗುತ್ತದೆ. ಬಿನ್ನಿ ಮಿಲ್ ಮುಚ್ಚಿದ ದಿನ ಮಾಗಡಿ ರಸ್ತೆಯ ಮನೆಗಳಿಗೆ ಬರುವ ನೀರು ನಿಲ್ಲಲಿಲ್ಲ.

ಇನ್ನೊಂದು ಕಾರಣ ತಾಂತ್ರಿಕವಾದದ್ದು, ಇದನ್ನು ಹೆಚ್ಚು ಜನ ಗಮನಿಸುವುದಿಲ್ಲ. ಗಿರಣಿಗೆ ಬೀಗ ಹಾಕಿದರೆ ಮಗ್ಗ ಹಾಗೇ ಇರುತ್ತದೆ. ಹೊಸ ಮಾಲೀಕ ಬಂದರೆ ಎಣ್ಣೆ ಬಿಟ್ಟು ತಿರುಗಿಸಬಹುದು. ಗಣಿ ಹಾಗಲ್ಲ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳದ್ದು, ತನ್ನ ಕಾಲದಲ್ಲಿ ಜಗತ್ತಿನ ಅತಿ ಆಳದ ಗಣಿಗಳಲ್ಲಿ ಒಂದು. ಆ ಆಳದಲ್ಲಿ ಬಂಡೆಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಮೇಲಿನಿಂದ ತಂಪು ಗಾಳಿ ಊದುತ್ತಿರಬೇಕು, ಒಸರುವ ನೀರನ್ನು ಹಗಲು ರಾತ್ರಿ ಎತ್ತುತ್ತಿರಬೇಕು. ಪಂಪು ನಿಂತ ದಿನದಿಂದ ನೀರು ಏರತೊಡಗುತ್ತದೆ. ವರ್ಷಗಳು ಕಳೆದಂತೆ ಸುರಂಗಗಳು ಮುಳುಗುತ್ತವೆ, ಆಮೇಲೆ ಯಾರು ಬಂದರೂ ಮೊದಲು ನೀರಿನ ಲೆಕ್ಕ ಹಾಕಬೇಕು. 1965ರಲ್ಲಿ ವಾತಾವರಣದ ನ್ಯೂಟ್ರಿನೊ ಎಂಬ ಅತಿ ಸೂಕ್ಷ್ಮ ಕಣಗಳನ್ನು ಪತ್ತೆ ಮಾಡಿದ ಜಗತ್ತಿನ ಮೊದಲ ಪ್ರಯೋಗಗಳಲ್ಲಿ ಒಂದು ನಡೆದದ್ದು ಇದೇ ಗಣಿಯ ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಮತ್ತು ಹೊರದೇಶದ ವಿಜ್ಞಾನಿಗಳ ಸಹಯೋಗದಲ್ಲಿ. ಅಂತಹ ಪ್ರಯೋಗಾಲಯಕ್ಕೆ ಹೇಳಿ ಮಾಡಿಸಿದಂತಿದ್ದ ಜಾಗವನ್ನು ಮುಂದೆ ಬೇರೆಡೆ ಹುಡುಕಬೇಕಾಯಿತು. ಗಣಿಯ ಜೊತೆಗೆ ಇದನ್ನೂ ಕಳೆದುಕೊಂಡೆವು ಎಂದು ಅಲ್ಲಿಯ ಜನ ಹೇಳಿಕೊಳ್ಳುವುದು ಕಡಿಮೆ, ಹೇಳಿಕೊಳ್ಳಬೇಕು.

ಗಣಿ ನಿಂತದ್ದೇಕೆ? ಚಿನ್ನ ಮುಗಿದಿತ್ತು ಎನ್ನುವವರಿದ್ದಾರೆ, ಬೇಕೆಂದೇ ಮುಚ್ಚಿದರು ಎನ್ನುವವರೂ ಇದ್ದಾರೆ. ಎರಡರಲ್ಲೂ ಸ್ವಲ್ಪ ಸ್ವಲ್ಪ ಸತ್ಯವಿದೆ. ಆರಂಭದ ವರ್ಷಗಳಲ್ಲಿ ಒಂದು ಟನ್ ಅದಿರಿಗೆ 40 ಗ್ರಾಂ ಮೀರಿ ಸಿಗುತ್ತಿದ್ದ ಚಿನ್ನ ಕೊನೆಯ ಹೊತ್ತಿಗೆ ಮೂರು ನಾಲ್ಕು ಗ್ರಾಂಗೆ ಇಳಿದಿತ್ತು. 120 ವರ್ಷಗಳಲ್ಲಿ ಸುಮಾರು 800 ಟನ್ ಹೊರಬಂದಿತ್ತು. ಗಣಿ 1956ರಲ್ಲಿ ಮೈಸೂರು ರಾಜ್ಯದ ಕೈಗೆ, 1962ರಲ್ಲಿ ಕೇಂದ್ರದ ಕೈಗೆ ಬಂತು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಸರ್ಕಾರಿ ಕಂಪನಿ ಆಯಿತು. ಆಳ ಹೆಚ್ಚಿದಂತೆ ಖರ್ಚು ಏರಿತು, ಹೊಸ ಬಂಡವಾಳ ಬರಲಿಲ್ಲ, 1990ರ ದಶಕದಲ್ಲಿ ರೋಗಗ್ರಸ್ತ ಉದ್ಯಮವೆಂಬ ಹಣೆಪಟ್ಟಿ ಬಿತ್ತು. 2001ರ ಫೆಬ್ರವರಿ 28ರಂದು ಕೆಲಸ ನಿಂತಿತು. ಆ ಸಮಯದಲ್ಲಿ ಜಗತ್ತಿನ ಮಾರುಕಟ್ಟೆಯಲ್ಲಿ ಚಿನ್ನದ ದರ ಔನ್ಸಿಗೆ 300 ಡಾಲರಿಗೂ ಕೆಳಗಿತ್ತು, ಎರಡು ದಶಕಗಳಲ್ಲೇ ಕನಿಷ್ಠ ಮಟ್ಟದ ಆಸುಪಾಸಿನಲ್ಲಿ. ಹತ್ತು ಹನ್ನೊಂದು ವರ್ಷ ಕಳೆಯುವಷ್ಟರಲ್ಲಿ ಅದು 1,900 ಡಾಲರ್ ದಾಟಿತು. ಆದರೆ ಅಷ್ಟು ಹೊತ್ತಿಗೆ ಗಣಿಯಲ್ಲಿ ನೀರು ತುಂಬಿತ್ತು. ಚಿನ್ನದ ಬೆಲೆ ಏರಿದಾಗಲೆಲ್ಲ 'ಗಣಿ ತೆರೆಯುತ್ತಾರಂತೆ' ಎಂಬ ಸುದ್ದಿ ಊರಲ್ಲಿ ಏಳುವುದು ಈ ಕಾರಣಕ್ಕೆ.

ಹಾಗಾದರೆ ಜನ ಊರು ಬಿಟ್ಟರೇ? ಇಲ್ಲಿ ಕೆಜಿಎಫ್ ನಮ್ಮ ನಿರೀಕ್ಷೆಗೆ ತದ್ವಿರುದ್ಧ. ಅಮೆರಿಕದ ಡೆಟ್ರಾಯಿಟ್ 1950ರಲ್ಲಿ 18 ಲಕ್ಷ ದಾಟಿದ್ದ ನಗರ, 2020ರ ಗಣತಿಯಲ್ಲಿ ಆರೂವರೆ ಲಕ್ಷಕ್ಕೂ ಕೆಳಗಿಳಿದಿತ್ತು. ಕೆಜಿಎಫ್ ಹಾಗೆ ಬರಿದಾಗಲಿಲ್ಲ. 2011ರ ಜನಗಣತಿಯಲ್ಲೂ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರಿದ್ದರು. 1964ರಲ್ಲಿ ಸ್ಥಾಪನೆಯಾದ ಬೆಮೆಲ್‌ನ ಕಾರ್ಖಾನೆ ಇನ್ನೂ ಕೆಲಸ ಕೊಡುತ್ತಿದೆ. ಅಲ್ಲಿ ಸಿಗದವರು ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಬರುತ್ತಾರೆ, ರಾತ್ರಿ ಮರಳುತ್ತಾರೆ. ಬೆಂಗಳೂರಿನ ಬಾಡಿಗೆ ಕೈಗೆಟಕುವುದಿಲ್ಲ, ಇಲ್ಲಿನ ಲೈನ್ ಮನೆ (ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿದ ಮನೆ) ಹೇಗೋ ಉಳಿದುಕೊಂಡಿದೆ, ಲೆಕ್ಕ ಸರಳ. ಹಿಂದೆ ದಕ್ಷಿಣ ಭಾರತದ ಮೂಲೆಮೂಲೆಯಿಂದ ಜನ ಕೂಲಿ ಹುಡುಕಿ ಬರುತ್ತಿದ್ದ ಊರು ಈಗ ಬೆಂಗಳೂರಿಗೆ ಕೂಲಿ ಕಳಿಸುವ ಊರಾಗಿದೆ. ಬೆಂಗಳೂರು ಬೆಳೆದದ್ದೂ ಕೆಜಿಎಫ್ ಸೊರಗಿದ್ದೂ ಎರಡು ಬೇರೆ ಕಥೆಗಳಲ್ಲ ಎನ್ನುವುದಕ್ಕೆ ಆ ರೈಲಿನ ಜನಜಂಗುಳಿಯೇ ಸಾಕ್ಷಿ.

ಕಳೆದುಹೋದ ವೈಭವದ ಬಗ್ಗೆಯೂ ಒಂದು ಮಾತು ಹೇಳಬೇಕು. ಕೆಜಿಎಫ್ ಎಂದ ಕೂಡಲೇ 'ಮಿನಿ ಇಂಗ್ಲೆಂಡ್' ಎಂಬ ವರ್ಣನೆ ಬಂದುಬಿಡುತ್ತದೆ: ತಂಪು ಹವೆ, ಗಾಲ್ಫ್ ಮೈದಾನ, ಕ್ಲಬ್ಬಿನ ನಾಚ್, ಬಂಗಲೆಯ ಹೂದೋಟ. ಇವೆಲ್ಲ ಇದ್ದದ್ದು ನಿಜ. ಆದರೆ ಗಣಿಗೆ ಇಳಿಯುತ್ತಿದ್ದವರಲ್ಲಿ ಹೆಚ್ಚಿನವರು ತಮಿಳು ಮತ್ತು ತೆಲುಗು ಸೀಮೆಗಳಿಂದ ಬಂದ ದಲಿತರು. ಅವರ ಪಾಲಿಗೆ ಸಿಕ್ಕಿದ್ದು ಸಾಲು ಲೈನುಗಳ ಒಂದೇ ಕೋಣೆಯ ಮನೆ. 1930ರಲ್ಲಿ ಕಾರ್ಮಿಕರ ಬೆರಳಚ್ಚು ತೆಗೆದು ದಾಖಲಿಸಲು ಹೊರಟಾಗ ಅವರು ಕೆಲಸ ನಿಲ್ಲಿಸಿದರು. ಕಳ್ಳರಿಗೆ ಮಾಡುವುದನ್ನು ನಮಗೇಕೆ ಮಾಡುತ್ತೀರಿ ಎಂಬ ಸ್ವಾಭಿಮಾನದ ಮುಷ್ಕರ ಅದು. ಆಳದಲ್ಲಿ ಒತ್ತಡಕ್ಕೆ ಬಂಡೆ ಸಿಡಿಯುವುದು, ರಾಕ್ ಬರ್ಸ್ಟ್, ಅಲ್ಲಿನ ನಿತ್ಯದ ಭಯ. ದೊಡ್ಡದಾಗಿ ಸಿಡಿದರೆ ಮೇಲಿನ ಮನೆಗಳೂ ಅದುರುತ್ತಿದ್ದವು. ಅದುರಿದಾಗ ಗಣಿಯೊಳಗೆ ಮನೆಯವರಿದ್ದ ಹೆಂಗಸರಿಗೆ ಏನನಿಸುತ್ತಿತ್ತು ಎಂಬುದು ಕ್ಲಬ್ಬಿನ ನೆನಪುಗಳಲ್ಲಿ ಬರುವುದಿಲ್ಲ. ಕಲ್ಲಿನ ಧೂಳು ಕುಡಿದ ಶ್ವಾಸಕೋಶದ ಸಿಲಿಕೋಸಿಸ್ ಕೂಡ ಬರುವುದಿಲ್ಲ.

ಹಾಗೆಂದು ಕಾರ್ಮಿಕರ ಮಕ್ಕಳಿಗೆ ಗಣಿಯ ನೆನಪು ಕಹಿ ಎಂದರೆ ಅದೂ ಸುಳ್ಳು. ಸೈರನ್ ಕೂಗಿದಾಗ ಗಡಿಯಾರ ಸರಿಮಾಡಿಕೊಂಡ ಮನೆಗಳು ಅವು. ಒಂದನೇ ತಾರೀಖು ಸಂಬಳ, ಕಾಯಿಲೆಗೆ ಕಂಪನಿ ಆಸ್ಪತ್ರೆ, ಮಗನಿಗೂ ಅಲ್ಲೇ ಕೆಲಸ ಸಿಗುವ ಭರವಸೆ ಇತ್ತು. ಅಪಾಯವಿತ್ತು, ಅನ್ಯಾಯವೂ ಇತ್ತು, ಆದರೆ ನಾಳೆ ಏನು ಎಂಬ ಪ್ರಶ್ನೆಗೆ ಉತ್ತರವಿತ್ತು. ಜನ ಗೋಪುರವನ್ನು ನೋಡಿ ನೆನೆಯುವುದು ಚಿನ್ನವನ್ನಲ್ಲ, ಈ ಉತ್ತರವನ್ನು ಎಂದು ನನ್ನ ತಿಳಿವಳಿಕೆ. ಬೆಂಗಳೂರಿನ ಗಿರಣಿ ಕುಟುಂಬಗಳಿಗೂ ಇದೇ ಮಾತು ಅನ್ವಯಿಸುತ್ತದೆ, ಆದರೆ ಬೆರಳು ಮಾಡಿ ತೋರಿಸಲು ಅವರಿಗೆ ಹೆಚ್ಚೇನೂ ಉಳಿದಿಲ್ಲ.

ಈಗ ನೀವು ಕೇಳದಿದ್ದರೂ ಮುಂದೆ ಕೇಳಬಹುದಾದದ್ದು: ಗಣಿ ಮತ್ತೆ ತೆರೆದರೆ ಊರು ಸರಿಹೋಗುತ್ತದೆಯೇ? ಸದ್ಯ ಮಾತು ನಡೆಯುತ್ತಿರುವುದು ಆಳದ ಗಣಿಯದ್ದಲ್ಲ, ಮೇಲಿನ ಸೈನೈಡ್ ದಿಬ್ಬಗಳದ್ದು. ಅದಿರನ್ನು ಪುಡಿಮಾಡಿ ಸೈನೈಡ್ ದ್ರಾವಣದಲ್ಲಿ ಚಿನ್ನ ತೆಗೆದ ಮೇಲೆ ಉಳಿದ ನುಣ್ಣನೆಯ ಮಣ್ಣು ಹದಿಮೂರು ದಿಬ್ಬಗಳಾಗಿ ಬಿದ್ದಿದೆ, ಒಟ್ಟು ಸುಮಾರು 3.3 ಕೋಟಿ ಟನ್. ಅದರಲ್ಲಿ ಟನ್ನಿಗೆ ಒಂದು ಗ್ರಾಂಗಿಂತ ಕಡಿಮೆ ಚಿನ್ನ ಉಳಿದಿದ್ದರೂ ಈಗಿನ ಬೆಲೆಯಲ್ಲಿ ಲಾಭದಾಯಕ ಎಂಬ ಲೆಕ್ಕಾಚಾರದ ಮೇಲೆ 2024ರಲ್ಲಿ ರಾಜ್ಯ ಸಚಿವ ಸಂಪುಟ ಅದಕ್ಕೆ ಒಪ್ಪಿಗೆ ಕೊಟ್ಟಿತು. ಗಾಳಿ ಬೀಸಿದಾಗ ಈ ದಿಬ್ಬಗಳ ಪುಡಿ ಮನೆಯೊಳಗೆ ಬಂದು ಕೂರುತ್ತದೆ, ಮಳೆಯಲ್ಲಿ ಹೊಲಕ್ಕೆ ಇಳಿಯುತ್ತದೆ. ಆದ್ದರಿಂದ ದಿಬ್ಬ ಕರಗಿದರೆ ಊರಿಗೆ ಅಷ್ಟರ ಮಟ್ಟಿಗೆ ಒಳ್ಳೆಯದೇ. ಆದರೆ ಅದು ಯಂತ್ರಗಳ ಕೆಲಸ. ಒಂದು ಕಾಲಕ್ಕೆ ಮೂವತ್ತು ಸಾವಿರ ಕಾರ್ಮಿಕರಿದ್ದ ಊರಿಗೆ ಅದರಿಂದ ಸಿಗುವ ಕೆಲಸ ತೀರಾ ಸ್ವಲ್ಪ. ಭಾರತ್ ಗೋಲ್ಡ್ ಮೈನ್ಸ್ ಕಂಪನಿಯ ಹೆಸರಿನಲ್ಲಿ ಇನ್ನೂ ಸುಮಾರು 12,000 ಎಕರೆ ನೆಲವಿದೆ. ದಿಬ್ಬದ ಚಿನ್ನಕ್ಕಿಂತ ಆ ನೆಲವನ್ನು ಏನು ಮಾಡುತ್ತಾರೆ, ಅದರ ಮೇಲಿನ ಲೈನ್ ಮನೆಗಳಲ್ಲಿ ಮೂರು ತಲೆಮಾರುಗಳಿಂದ ಇರುವವರಿಗೆ ಹಕ್ಕುಪತ್ರ ಸಿಗುತ್ತದೆಯೋ ಇಲ್ಲವೋ ಎಂಬುದರ ಮೇಲೆ ಕಣ್ಣಿಡಿ.