ತೂಕ ಸರಿ ಇದ್ದ ಮೇಲೆ ಶಾಲೆಯನ್ನೂ ಯಾಕೆ ತೂಗಬೇಕು?

ಪ್ರಶ್ನೆ: ಅಮೆರಿಕದಲ್ಲಿರುವ ನಮ್ಮ ಸಂಬಂಧಿಕರ ಮಗ ಹೈಸ್ಕೂಲಿನಲ್ಲಿ ಕುಸ್ತಿ ಆಡುತ್ತಾನೆ. ಅವನ ರಾಜ್ಯದಲ್ಲಿ ಒಂದೇ ತೂಕಕ್ಕೆ ಮೂವರು ರಾಜ್ಯ ಚಾಂಪಿಯನ್‌ಗಳಂತೆ! ದೊಡ್ಡ ಶಾಲೆಗಳಿಗೊಬ್ಬ, ಮಧ್ಯಮಕ್ಕೊಬ್ಬ, ಚಿಕ್ಕದಕ್ಕೊಬ್ಬ. ಕುಸ್ತಿಯಲ್ಲಿ ತೂಕ ನೋಡಿ ತಾನೇ ಜೋಡಿ ಕಟ್ಟುವುದು? ಶಾಲೆಯಲ್ಲಿ ಎಷ್ಟು ಮಕ್ಕಳಿದ್ದರೆ ಏನಂತೆ?

ಉತ್ತರ: ಇದರೊಳಗೆ ಎರಡು ಪ್ರಶ್ನೆಗಳು ಸೇರಿಕೊಂಡಿವೆ. ತಂಡದ ಕಪ್ ಯಾರಿಗೆ ಅನ್ನುವುದು ಒಂದು. ಆ ತೂಕದಲ್ಲಿ ರಾಜ್ಯಕ್ಕೇ ಗಟ್ಟಿ ಪೈಲ್ವಾನ ಯಾರು ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಶಾಲೆಯ ಗಾತ್ರ ನೋಡಲೇಬೇಕು ಎನ್ನುತ್ತೇನೆ. ಎರಡನೆಯದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ಮೊದಲು ತಂಡದ ಲೆಕ್ಕ. ಅಲ್ಲಿನ ಹೈಸ್ಕೂಲು ಕುಸ್ತಿಯಲ್ಲಿ ಬಹುಕಾಲದಿಂದ 14 ತೂಕಗಳಿವೆ. ತೀರಾ ಕಡಿಮೆ ಅಂದರೆ 106 ಪೌಂಡು, ಸುಮಾರು 48 ಕಿಲೊ. ತೀರಾ ಜಾಸ್ತಿ ಅಂದರೆ 285 ಪೌಂಡು, ಹತ್ತಿರ ಹತ್ತಿರ 129 ಕಿಲೊ. ಎರಡು ಶಾಲೆಗಳ ತಂಡ ಎದುರಾದಾಗ ಒಂದೊಂದು ತೂಕಕ್ಕೂ ಒಬ್ಬೊಬ್ಬ ಹುಡುಗ ಇಳಿಯುತ್ತಾನೆ. ಎದುರಾಳಿಯನ್ನು ಚಿತ್ ಮಾಡಿದರೆ ತಂಡಕ್ಕೆ 6 ಅಂಕ. ಸಾಧಾರಣ ಅಂತರದಲ್ಲಿ ಗೆದ್ದರೆ 3. ನಡುವಿನ ದೊಡ್ಡ ಗೆಲುವುಗಳಿಗೆ 4 ಅಥವಾ 5. ಇನ್ನು ಒಂದು ತೂಕಕ್ಕೆ ನಿಮ್ಮ ಶಾಲೆಯಲ್ಲಿ ಆಳೇ ಇಲ್ಲ ಅನ್ನಿ. ಆಗ ಎದುರಿನ ಹುಡುಗ ಮ್ಯಾಟಿನ ನಡುವೆ ಬಂದು ನಿಲ್ಲುತ್ತಾನೆ, ರೆಫರಿ ಅವನ ಕೈ ಎತ್ತುತ್ತಾರೆ. ಸುಮ್ನೆ 6 ಅಂಕ ಹೋಯಿತು.

ಈಗ ಒಂದು ಚಿಕ್ಕ ಶಾಲೆ ನಾಲ್ಕು ತೂಕ ಖಾಲಿ ಬಿಟ್ಟುಕೊಂಡು ಬಂದಿದೆ ಅಂದುಕೊಳ್ಳಿ. ಆಟ ಶುರುವಾಗುವ ಮೊದಲೇ 24 ಅಂಕ ಹಿಂದೆ. ಉಳಿದ ಹತ್ತು ಜೋಡಿಗಳಲ್ಲಿ ಆರು ಗೆದ್ದರು, ನಾಲ್ಕು ಸೋತರು, ಎಲ್ಲವೂ 3 ಅಂಕದ ಗೆಲುವು ಅಂತಲೇ ಇಟ್ಟುಕೊಳ್ಳೋಣ. ಕೊನೆಗೆ ಫಲಿತಾಂಶ 18ಕ್ಕೆ 36. ಮ್ಯಾಟಿನ ಮೇಲೆ ಜಾಸ್ತಿ ಗೆದ್ದವರು ಬೋರ್ಡಿನ ಮೇಲೆ ಎದುರಾಳಿಯ ಅರ್ಧಕ್ಕೆ ನಿಂತರು. ಇದು ಪಟ್ಟಿನ ಸೋಲಲ್ಲ, ತಲೆಎಣಿಕೆಯ ಸೋಲು.

ಅಷ್ಟು ಆಳು ಯಾಕೆ ಸಿಗುವುದಿಲ್ಲ ಅಂತೀರಾ? 200 ಮಕ್ಕಳ ಶಾಲೆ ಅಂದರೆ ಹುಡುಗರು ಸುಮಾರು ನೂರು. ಕುಸ್ತಿ ಚಳಿಗಾಲದ ಆಟ. ಬಾಸ್ಕೆಟ್‌ಬಾಲೂ ಅದೇ ಚಳಿಗಾಲದ್ದು. ಎತ್ತರದ ಹುಡುಗರು ಅತ್ತ ಹೋದರು. ಉಳಿದವರಲ್ಲಿ 48 ಕಿಲೊದವನೂ ಬೇಕು, 129 ಕಿಲೊದವನೂ ಬೇಕು, ನಡುವಿನ ಹನ್ನೆರಡು ಮೆಟ್ಟಿಲಿಗೆ ಒಬ್ಬೊಬ್ಬ ಬೇಕು. ಎಲ್ಲರಿಗೂ ಕುಸ್ತಿ ಹುಚ್ಚೂ ಇರಬೇಕು. 2000 ಮಕ್ಕಳ ಶಾಲೆಗೆ ಇದು ಕಷ್ಟವೇ ಅಲ್ಲ. ಈ ಖಾಲಿ ಜಾಗದ ಕಾಟ ಎಷ್ಟಿತ್ತೆಂದರೆ, 2023-24ರ ಋತುವಿನಿಂದ 12, 13 ಅಥವಾ 14 ತೂಕಗಳಲ್ಲಿ ಯಾವುದನ್ನಾದರೂ ಆರಿಸಿಕೊಳ್ಳಿ ಅಂತ ಹೈಸ್ಕೂಲು ಆಟಗಳ ರಾಷ್ಟ್ರೀಯ ಒಕ್ಕೂಟವೇ ರಾಜ್ಯಗಳಿಗೆ ಬಿಟ್ಟುಕೊಟ್ಟಿತು. ಹಾಗಾಗಿ ತಂಡಗಳನ್ನು ಗಾತ್ರದ ಮೇಲೆ ಭಾಗ ಮಾಡುವುದು ನ್ಯಾಯ. ಇದರಲ್ಲಿ ನನಗೆ ಅನುಮಾನವಿಲ್ಲ.

ಆದರೆ ಒಬ್ಬ ಹುಡುಗನ ವಿಷಯಕ್ಕೆ ಬಂದಾಗ ಈ ಲೆಕ್ಕ ಕೆಲಸ ಮಾಡುವುದಿಲ್ಲ. ಎರಡೆರಡು ನಿಮಿಷದ ಮೂರು ಸುತ್ತು, ಒಟ್ಟು ಆರು ನಿಮಿಷ. ಆ ಆರು ನಿಮಿಷದಲ್ಲಿ ಹಿಂದೆ 200 ಮಕ್ಕಳಿದ್ದರೂ ಒಂದೇ, 2000 ಇದ್ದರೂ ಒಂದೇ. ಅವನ ಕಾಲು ಹಿಡಿಯುವವನು ಒಬ್ಬನೇ.

ಭಾಗ ಮಾಡಬೇಕು ಎನ್ನುವವರ ಮಾತಿನಲ್ಲಿ ಹುರುಳಿಲ್ಲ ಅಂತಲ್ಲ. ಅವರು ಹೇಳುವುದು ಆ ಆರು ನಿಮಿಷದ ಬಗ್ಗೆ ಅಲ್ಲ, ಅದಕ್ಕೆ ಮುಂಚಿನ ನಾಲ್ಕು ತಿಂಗಳ ಬಗ್ಗೆ. ಪೈಲ್ವಾನ ತಯಾರಾಗುವುದು ಜೊತೆಗಾರನಿಂದ. ಗರಡಿಗೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದಿನಾ ಸಂಜೆ ತನ್ನ ತೂಕದವರೇ ಇಬ್ಬರು ಮೂವರು ಸಿಕ್ಕರೆ ಕೈ ಪಳಗುತ್ತದೆ. ಹತ್ತೇ ಹುಡುಗರಿರುವ ತಂಡದಲ್ಲಿ 60 ಕಿಲೊದವನು 75 ಕಿಲೊದವನ ಜೊತೆ ತಾಲೀಮು ಮಾಡಬೇಕು. ಒಂದೋ ನಜ್ಜುಗುಜ್ಜಾಗುತ್ತಾನೆ, ಇಲ್ಲವೇ ಅವನು ಇವನ ಮೇಲೆ ಕರುಣೆ ತೋರಿಸುತ್ತಾನೆ. ಎರಡರಿಂದಲೂ ಕುಸ್ತಿ ಬರುವುದಿಲ್ಲ.

ಒಪ್ಪಿದೆ. ಆದರೆ ಈಗ ಅಲ್ಲಿನ ಒಳ್ಳೆಯ ಪೈಲ್ವಾನರು ಶಾಲೆಯ ಕೋಣೆಯೊಂದನ್ನೇ ನಂಬಿ ಕೂತಿಲ್ಲ. ವರ್ಷವಿಡೀ ನಡೆಯುವ ಖಾಸಗಿ ಕ್ಲಬ್ಬುಗಳಿವೆ. ಫೀಸು ಕಟ್ಟಿ, ಗಂಟೆಗಟ್ಟಲೆ ಕಾರು ಓಡಿಸಿ ಅಪ್ಪ ಅಮ್ಮ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಾರೆ. ಹಾಗಾದರೆ ನಿಜವಾದ ಅಂತರ ಇರುವುದು ಶಾಲೆಯ ಹಾಜರಿ ಪುಸ್ತಕದಲ್ಲೋ, ಮನೆಯ ಜೇಬಿನಲ್ಲೋ? ನಮ್ಮಲ್ಲೂ ಶಾಲಾ ಕ್ರೀಡಾಕೂಟದ ಕುಸ್ತಿಯನ್ನು ವಯಸ್ಸು ಮತ್ತು ತೂಕ ನೋಡಿಯೇ ನಡೆಸುತ್ತಾರೆ, ಶಾಲೆಯ ಗಾತ್ರ ಯಾರೂ ಕೇಳುವುದಿಲ್ಲ. ಅಲ್ಲಿ ಹಳ್ಳಿ ಹುಡುಗ ಹೆದರುವುದು ದೊಡ್ಡ ಶಾಲೆಯವನಿಗಲ್ಲ. ಕ್ರೀಡಾ ಹಾಸ್ಟೆಲಿನಲ್ಲಿ ದಿನಾ ಮ್ಯಾಟ್ ಮೇಲೆ ಬೆವರು ಸುರಿಸಿ ಬಂದವನಿಗೆ.

ಅಮೆರಿಕದ ರಾಜ್ಯಗಳು ಈ ವಿಷಯದಲ್ಲಿ ಒಂದೊಂದೂ ಒಂದೊಂದು ದಾರಿ. ಒಹಾಯೋ, ಅಯೋವಾ, ಮಿನೆಸೋಟಗಳಲ್ಲಿ ಹುಡುಗರಿಗೆ ಮೂರು ಭಾಗ. ಪೆನ್ಸಿಲ್ವೇನಿಯಾದಲ್ಲಿ ಎರಡು. ಮಿಶಿಗನ್‌ನಲ್ಲಿ ನಾಲ್ಕು. ನಾಲ್ಕು ಭಾಗ, 14 ತೂಕ ಅಂದರೆ ವರ್ಷಕ್ಕೆ 56 ರಾಜ್ಯ ಚಾಂಪಿಯನ್‌ಗಳು! ಇದನ್ನೆಲ್ಲ ಒಂದೇ ಸೂರಿನಡಿ ನಡೆಸಲು ಅವರು ಡೆಟ್ರಾಯಿಟ್‌ನ ಫುಟ್‌ಬಾಲ್ ಕ್ರೀಡಾಂಗಣಕ್ಕೇ ಹೋಗಿದ್ದಾರೆ. ಅತ್ತ ಕ್ಯಾಲಿಫೋರ್ನಿಯಾ ನೋಡಿ. ಸುಮಾರು 3.9 ಕೋಟಿ ಜನರ ರಾಜ್ಯ. ತೂಕಕ್ಕೊಬ್ಬನೇ ಚಾಂಪಿಯನ್. ನ್ಯೂಜೆರ್ಸಿಯದು ಇನ್ನೂ ಜಾಣ ದಾರಿ. ತಂಡದ ಸ್ಪರ್ಧೆಗೆ ಗಾತ್ರ ನೋಡುತ್ತಾರೆ, ಒಬ್ಬೊಬ್ಬರ ಸ್ಪರ್ಧೆಗೆ ನೋಡುವುದಿಲ್ಲ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಜೋರ್ಡನ್ ಬರೋಸ್ 2006ರಲ್ಲಿ ರಾಜ್ಯ ಚಾಂಪಿಯನ್ ಆಗಿದ್ದು ರಾಜ್ಯ ಕೂಟ ನಡೆಯುವ ಅಟ್ಲಾಂಟಿಕ್ ಸಿಟಿಯಲ್ಲಿ, ಎಲ್ಲ ಗಾತ್ರದ ಶಾಲೆಗಳೂ ಸೇರಿದ ಆ ಒಂದೇ ಪಟ್ಟಿಯಿಂದ.

ಇಂಡಿಯಾನಾದ ಹಟ ಇದೆಯಲ್ಲ, ಅದು ಬೇರೆಯೇ ಕಥೆ. ಅಲ್ಲಿನ ಜನರ ಉಸಿರು ಬಾಸ್ಕೆಟ್‌ಬಾಲ್. 1954ರಲ್ಲಿ ಮಿಲನ್ ಅನ್ನುವ ಪುಟ್ಟ ಊರಿನ 161 ಮಕ್ಕಳ ಶಾಲೆ, ತನ್ನ ಹತ್ತು ಪಟ್ಟು ದೊಡ್ಡದಾದ ಮನ್ಸಿ ಸೆಂಟ್ರಲ್ ಶಾಲೆಯನ್ನು 32-30ರಿಂದ ಸೋಲಿಸಿ ರಾಜ್ಯ ಗೆದ್ದಿತು. ಬಾಬಿ ಪ್ಲಂಪ್ ಅನ್ನುವ ಹುಡುಗ ಕೊನೆಯ ಗಳಿಗೆಯಲ್ಲಿ ಎಸೆದ ಚೆಂಡನ್ನು ಆ ರಾಜ್ಯದ ಜನ ಇಂದಿಗೂ ಮರೆತಿಲ್ಲ. ಅಂಥ ರಾಜ್ಯವೇ 1997-98ರಿಂದ ಬಾಸ್ಕೆಟ್‌ಬಾಲನ್ನು ಶಾಲೆಯ ಗಾತ್ರದ ಮೇಲೆ ನಾಲ್ಕು ಭಾಗ ಮಾಡಿತು. ಹಳಬರು ಈಗಲೂ ಗೊಣಗುತ್ತಾರೆ. ಕುಸ್ತಿಯಲ್ಲಿ ಮಾತ್ರ ಒಬ್ಬೊಬ್ಬರ ಪಟ್ಟವನ್ನು ಒಡೆಯಲಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಸೋಸಿ, ಕೊನೆಗೆ ತೂಕಕ್ಕೆ 16 ಹುಡುಗರು ರಾಜ್ಯ ಮಟ್ಟಕ್ಕೆ ಬರುತ್ತಾರೆ. ಅದಕ್ಕೆ ಸ್ವಲ್ಪ ಮುಂಚೆ ಒಂದು ಕುಸ್ತಿ ಇರುತ್ತದೆ. ಗೆದ್ದವನಿಗೆ ರಾಜ್ಯ ಮಟ್ಟ, ಸೋತವನು ಮನೆಗೆ. ಅದಕ್ಕೆ ಅಲ್ಲಿನವರು ‘ಟಿಕೆಟ್ ರೌಂಡ್’ ಅನ್ನುತ್ತಾರೆ. ಒಂದೇ ಪಟ್ಟಿ ಇರುವುದರಿಂದಲೇ ಆ ಟಿಕೆಟ್ಟಿಗೆ ಅಷ್ಟು ಬೆಲೆ.

ಚಿಕ್ಕ ಶಾಲೆಯ ಚಾಂಪಿಯನ್ ಅಂದರೆ ಸ್ವಲ್ಪ ಕಡಿಮೆ ಅಂತ ಯಾರಾದರೂ ಮೂಗು ಮುರಿದರೆ ಅದೂ ತಪ್ಪು. ಒಹಾಯೋದ ಲೋಗನ್ ಸ್ಟೀಬರ್ ಓದಿದ್ದು ಮನ್ರೋವಿಲ್ ಅನ್ನುವ ಹಳ್ಳಿಯಂಥ ಊರಿನಲ್ಲಿ. ಅವರ ಶಾಲೆ ಇದ್ದದ್ದು ತೀರಾ ಚಿಕ್ಕ ಶಾಲೆಗಳ ಭಾಗದಲ್ಲಿ. ನಾಲ್ಕು ಸಲ ರಾಜ್ಯ ಗೆದ್ದರು, 2016ರಲ್ಲಿ ಬುಡಾಪೆಸ್ಟ್‌ನಲ್ಲಿ 61 ಕಿಲೊ ವಿಭಾಗದ ವಿಶ್ವ ಚಾಂಪಿಯನ್ನೂ ಆದರು.

ಇನ್ನೊಂದು ಉದಾಹರಣೆ ನಮಗೇ ತಾಗುವಂಥದ್ದು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ 86 ಕಿಲೊ ವಿಭಾಗದ ದೀಪಕ್ ಪೂನಿಯಾ ಪದಕದ ಹೊಸ್ತಿಲಲ್ಲಿ ಎಡವಿದ್ದು ನೆನಪಿದೆಯಲ್ವಾ? ಸೆಮಿಫೈನಲ್‌ನಲ್ಲಿ ಅವರನ್ನು 10-0ಯಿಂದ ಸೋಲಿಸಿ, ಆಮೇಲೆ ಚಿನ್ನ ಗೆದ್ದವರು ಡೇವಿಡ್ ಟೇಲರ್. ಒಹಾಯೋದ ಸೇಂಟ್ ಪ್ಯಾರಿಸ್ ಅನ್ನುವ ಪುಟ್ಟ ಊರಿನ ಗ್ರಹಾಂ ಹೈಸ್ಕೂಲಿನವರು. ಅದು ಅಲ್ಲಿನ ಎರಡನೇ ಭಾಗದ, ಅಂದರೆ ಮಧ್ಯಮ ಗಾತ್ರದ ಶಾಲೆ. ಕಂಚಿನ ಪಂದ್ಯದಲ್ಲಿ ಕೊನೆಯ ಕ್ಷಣಗಳಲ್ಲಿ ದೀಪಕ್ ಕೈಯಿಂದ ಪದಕ ಕಿತ್ತುಕೊಂಡವರು ಸ್ಯಾನ್ ಮರಿನೊ ದೇಶದ ಪರ ಆಡಿದ ಮೈಲ್ಸ್ ಅಮೀನ್. ಅವರು ಬೆಳೆದದ್ದು ಮಿಶಿಗನ್‌ನಲ್ಲಿ, ಓದಿದ್ದು ಡೆಟ್ರಾಯಿಟ್ ಕ್ಯಾಥೊಲಿಕ್ ಸೆಂಟ್ರಲ್ ಶಾಲೆಯಲ್ಲಿ. ಅದು ಆ ರಾಜ್ಯದ ಅತಿ ದೊಡ್ಡ ಶಾಲೆಗಳ ಭಾಗಕ್ಕೆ ಸೇರಿದ್ದು. ಮಧ್ಯಮ ಶಾಲೆಯವರು ಒಬ್ಬರು, ದೊಡ್ಡ ಶಾಲೆಯವರು ಒಬ್ಬರು. ಪಾಪ, ದೀಪಕ್‌ಗೆ ಆ ವ್ಯತ್ಯಾಸ ಗೊತ್ತಾಗಿರಲಿಕ್ಕಿಲ್ಲ.

ಗ್ರಹಾಂ ಶಾಲೆ ಹತ್ತಕ್ಕೂ ಹೆಚ್ಚು ವರ್ಷ ಸತತವಾಗಿ ತನ್ನ ಭಾಗದ ತಂಡದ ಪಟ್ಟ ಗೆದ್ದಿದೆ. ಗಾತ್ರ ನೋಡಿದರೆ ಮಧ್ಯಮ, ಕುಸ್ತಿ ನೋಡಿದರೆ ದೈತ್ಯ. ಅದೇ ಭಾಗದಲ್ಲಿ ಸಿಕ್ಕಿಹಾಕಿಕೊಂಡ ಉಳಿದ ಶಾಲೆಗಳಿಗೆ ಈ ವಿಂಗಡಣೆಯಿಂದ ಏನು ಸಿಕ್ಕಿತು? ಖಾಸಗಿ ಶಾಲೆಗಳ ಜಗಳ ಬೇರೆ ಇದೆ. ಸರ್ಕಾರಿ ಶಾಲೆಗೆ ಸಾಮಾನ್ಯವಾಗಿ ಸುತ್ತಲಿನ ಬಡಾವಣೆಯ ಮಕ್ಕಳೇ ಬರಬೇಕು. ಖಾಸಗಿಯವರಿಗೆ ಆ ಗಡಿ ಇಲ್ಲ. ಅದಕ್ಕೇ ಇಲಿನಾಯ್ ರಾಜ್ಯ ಅಂಥ ಶಾಲೆಗಳ ಮಕ್ಕಳ ಸಂಖ್ಯೆಯನ್ನು 1.65ರಿಂದ ಗುಣಿಸಿ ಭಾಗ ನಿರ್ಧರಿಸುವ ನಿಯಮ ತಂದಿತು. ಗಾತ್ರ ಅನ್ನುವ ಅಳತೆಕೋಲಿಗೇ ತೇಪೆ ಹಾಕಬೇಕಾಯಿತು ನೋಡಿ.

ನನ್ನನ್ನು ಕೇಳಿದರೆ ಕನೆಕ್ಟಿಕಟ್ ರಾಜ್ಯದ ಪದ್ಧತಿ ಚೆನ್ನಾಗಿದೆ. ಅಲ್ಲಿ ಶಾಲೆಗಳಿಗೆ ಎಸ್, ಎಂ, ಎಲ್, ಎಲ್‌ಎಲ್ ಅಂತ ಅಂಗಿಯ ಅಳತೆಯಂಥ ಹೆಸರು. ಮೊದಲು ಆಯಾ ಅಳತೆಯೊಳಗೆ ಸ್ಪರ್ಧೆ. ಚಿಕ್ಕ ಶಾಲೆಯ ಹುಡುಗನಿಗೂ ಒಂದು ಪದಕ, ಊರಿಗೊಂದು ಸಂಭ್ರಮ. ಆಮೇಲೆ ನಾಲ್ಕೂ ಅಳತೆಯ ಮುಂಚೂಣಿಯವರು ‘ಸ್ಟೇಟ್ ಓಪನ್’ ಕೂಟದಲ್ಲಿ ಒಂದೇ ಪಟ್ಟಿಗೆ ಬರುತ್ತಾರೆ. ಅಲ್ಲಿ ಮೇಲೆ ಬಂದವರು ಸುತ್ತಲಿನ ರಾಜ್ಯಗಳೂ ಸೇರುವ ‘ನ್ಯೂ ಇಂಗ್ಲೆಂಡ್’ ಕೂಟಕ್ಕೆ ಹೋಗುತ್ತಾರೆ. ಮ್ಯಾಸಚೂಸೆಟ್ಸ್‌ನಲ್ಲೂ ಹೆಚ್ಚುಕಮ್ಮಿ ಇದೇ ಕ್ರಮ. ನಿಮ್ಮ ಸಂಬಂಧಿಕರ ಹುಡುಗನಿಗೆ ‘ಉಳಿದಿಬ್ಬರು ಚಾಂಪಿಯನ್‌ಗಳ ಜೊತೆ ನಾನು ಸೆಣಸಿದ್ದರೆ?’ ಅನ್ನುವ ಪ್ರಶ್ನೆ ಜೀವನವಿಡೀ ಕಾಡುವುದು ಅಲ್ಲಿ ತಪ್ಪುತ್ತದೆ. ಕ್ರೀಡಾಕೂಟ ಒಂದು ವಾರ ಉದ್ದವಾಗುತ್ತದೆ, ನಿಜ. ಹದಿಹರೆಯದ ಹುಡುಗರು ತೂಕ ಕಾಯ್ದುಕೊಂಡು ಹಸಿದು ಕೂರುವ ದಿನಗಳೂ ಹೆಚ್ಚುತ್ತವೆ. ಅದೊಂದು ಕೊರತೆ.

ಕಡೆಯದಾಗಿ, ಕಾರ್ಲ್‌ಟನ್ ಹ್ಯಾಸೆಲ್‌ರಿಗ್ ಬಗ್ಗೆ ಹೇಳದೆ ಈ ಉತ್ತರ ಮುಗಿಸಲಾರೆ. ಪೆನ್ಸಿಲ್ವೇನಿಯಾದ ಉಕ್ಕಿನ ಊರು ಜಾನ್ಸ್‌ಟೌನ್. ಅಲ್ಲಿನ ಅವರ ಹೈಸ್ಕೂಲಿನಲ್ಲಿ ಕುಸ್ತಿ ತಂಡವೇ ಇರಲಿಲ್ಲ. ಶಾಲೆಯ ಪರವಾಗಿ ಅವರೊಬ್ಬರೇ ಇಳಿದರು. 1984ರಲ್ಲಿ ಅತಿ ಭಾರದ ವಿಭಾಗದಲ್ಲಿ ರಾಜ್ಯ ಚಾಂಪಿಯನ್ ಆದರು. ಆಮೇಲೆ ಅದೇ ಊರಿನ ಚಿಕ್ಕ ಕಾಲೇಜು ಸೇರಿದರು. ಅಲ್ಲಿನ ಕಾಲೇಜು ಆಟಗಳಲ್ಲೂ ಮೇಲಿನದು, ಕೆಳಗಿನದು ಅಂತ ವಿಭಾಗಗಳಿವೆ, ಇದು ಎರಡನೇ ವಿಭಾಗದ ಕಾಲೇಜು. ಆಗಿನ ನಿಯಮದಲ್ಲಿ ಕೆಳಗಿನ ವಿಭಾಗದ ಚಾಂಪಿಯನ್ ಮೇಲಿನ ವಿಭಾಗದ ರಾಷ್ಟ್ರೀಯ ಕೂಟಕ್ಕೂ ಹೋಗಬಹುದಿತ್ತು. 1987, 1988, 1989, ಮೂರೂ ವರ್ಷ ಎರಡೂ ಕೂಟಗಳನ್ನು ಗೆದ್ದರು. ಒಟ್ಟು ಆರು ರಾಷ್ಟ್ರೀಯ ಪಟ್ಟಗಳು. ಅವರ ಕಾಲ ಮುಗಿದ ಮೇಲೆ ನಿಯಮ ಬದಲಾಯಿತು. ಕೆಳಗಿನ ವಿಭಾಗದ ಚಾಂಪಿಯನ್ ಮೇಲಿನ ಕೂಟಕ್ಕೆ ಬರುವಂತಿಲ್ಲ ಅಂತಾಯಿತು. ಕುಸ್ತಿಯವರು ಅದನ್ನು ಇಂದಿಗೂ ‘ಹ್ಯಾಸೆಲ್‌ರಿಗ್ ನಿಯಮ’ ಅಂತಲೇ ಕರೆಯುತ್ತಾರೆ.