ರಾಣಿ ಮಟಿಲ್ಡಾ: ಎರಡು ಜೀವನಚರಿತೆಗಳನ್ನು ಪಕ್ಕಪಕ್ಕ ಇಟ್ಟು ಓದುವಾಗ

ರಾಣಿಯಾಗಿದ್ದು ಸಂತಳೆನಿಸಿಕೊಂಡ ಮಟಿಲ್ಡಾ ಹತ್ತನೇ ಶತಮಾನದ ಜರ್ಮನಿಯ ಸ್ಯಾಕ್ಸನಿಯವಳು. ಇಂಗ್ಲೆಂಡಿನ ಆಂಗ್ಲೋ-ಸ್ಯಾಕ್ಸನರಿಗೆ ಸೇರಿದವಳು ಈಕೆಯಲ್ಲ, ಈಕೆಯ ಸೊಸೆ ಈಡ್ಗಿತ್. ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಮೊದಲು ಎಡವುವುದೇ ಇಲ್ಲಿ.

ಫ್ರಾಂಕರ ರಾಜ ಶಾರ್ಲ್‌ಮೇನ್ ವಿರುದ್ಧ ಹೋರಾಡಿ 785ರಲ್ಲಿ ದೀಕ್ಷಾಸ್ನಾನ ಪಡೆದ ಸ್ಯಾಕ್ಸನ್ ನಾಯಕ ವಿಡುಕಿಂಡ್‌ನ ವಂಶದವಳು ಮಟಿಲ್ಡಾ. ಬೆಳೆದದ್ದು ಹೆರ್ಫರ್ಡ್ ಮಠದಲ್ಲಿ, ಅಲ್ಲಿ ಮುಖ್ಯಸ್ಥೆಯಾಗಿದ್ದ ಅಜ್ಜಿಯ ಆಸರೆಯಲ್ಲಿ. 909ರಲ್ಲಿ ಹೆನ್ರಿಯೊಂದಿಗೆ ಮದುವೆ. ಅದು ಹೆನ್ರಿಗೆ ಎರಡನೆಯದು. ಆತ 919ರಲ್ಲಿ ಜರ್ಮನಿಯ ರಾಜನಾದ. ಮಕ್ಕಳು ಐವರು: ಮುಂದೆ ಚಕ್ರವರ್ತಿಯಾದ ಒಟ್ಟೊ, ಬವೇರಿಯಾದ ಡ್ಯೂಕ್ ಆದ ಹೆನ್ರಿ, ಕಲೋನ್‌ನ ಆರ್ಚ್‌ಬಿಷಪ್ ಬ್ರೂನೊ, ಗೆರ್ಬೆರ್ಗಾ, ಹಾಡ್ವಿಗ್.

ಈಕೆಯ ಬದುಕನ್ನು ಅರ್ಥಮಾಡಿಕೊಳ್ಳಲು 929ರ ದಾನಪತ್ರವನ್ನು ಮರೆಯಬಾರದು. ತಾನು ಸತ್ತರೆ ಹೆಂಡತಿಗೆ ಆಧಾರವಾಗಲೆಂದು ಹೆನ್ರಿ ಕ್ವೆಡ್ಲಿನ್‌ಬರ್ಗ್, ಪೋಲ್ಡೆ, ನಾರ್ಡ್‌ಹೌಸೆನ್, ಗ್ರೋನೆ, ಡುಡರ್‌ಸ್ಟಾಟ್ ಎಂಬ ಐದು ಊರುಗಳ ಆಸ್ತಿಯನ್ನು ಬರೆದುಕೊಟ್ಟ. ಮುಂದೆ ಮಕ್ಕಳೊಂದಿಗಿನ ಜಗಳ ಹುಟ್ಟಿದ್ದು ಈ ಆಸ್ತಿಯಿಂದಲೇ. ಅಮ್ಮ ಎಲ್ಲವನ್ನೂ ಚರ್ಚಿಗೂ ಬಡವರಿಗೂ ಸುರಿಯುತ್ತಿದ್ದಾಳೆಂದು ಮಕ್ಕಳಾದ ಒಟ್ಟೊ, ಹೆನ್ರಿ ಇಬ್ಬರೂ ತಿರುಗಿಬಿದ್ದರು. ಮಟಿಲ್ಡಾ ತವರಿನ ಆಸ್ತಿಯಿದ್ದ ಎಂಗರ್‌ಗೆ ಹೊರಟುಹೋದಳು. ರಾಜಿ ಮಾಡಿಸಿದವಳು ಒಟ್ಟೊನ ಹೆಂಡತಿ ಈಡ್ಗಿತ್ ಎಂದು ಜೀವನಚರಿತೆಗಳು ಹೇಳುತ್ತವೆ.

ಜೀವನಚರಿತೆಗಳು ಎರಡು. ಮೊದಲನೆಯದು ಸುಮಾರು 974ರದ್ದು, ಮೊಮ್ಮಗ ಎರಡನೇ ಒಟ್ಟೊಗಾಗಿ ಬರೆದದ್ದು. ಎರಡನೆಯದು 1002ರ ನಂತರ, ಮರಿಮೊಮ್ಮಗ ಎರಡನೇ ಹೆನ್ರಿಗಾಗಿ ಬರೆದದ್ದು. ಈತ ಬವೇರಿಯಾದ ಹೆನ್ರಿಯ ಕವಲಿನವನು. ಎರಡನೇ ಕೃತಿಯಲ್ಲಿ ತಾಯಿಗೆ ಮಗ ಹೆನ್ರಿಯ ಮೇಲಿದ್ದ ಒಲವು ದೊಡ್ಡದಾಗಿ ಕಾಣುವುದೇಕೆ ಎಂಬುದಕ್ಕೆ ಉತ್ತರ ಇಲ್ಲೇ ಇದೆ. ಒಟ್ಟೊ ಹುಟ್ಟಿದ 912ರಲ್ಲಿ ತಂದೆ ಇನ್ನೂ ರಾಜನಾಗಿರಲಿಲ್ಲ, ಹೆನ್ರಿ ಹುಟ್ಟಿದ್ದು ಪಟ್ಟವೇರಿದ ಮೇಲೆ. ಹಾಗಾಗಿ ಸಿಂಹಾಸನಕ್ಕೆ ಹೆನ್ರಿಯೇ ತಕ್ಕವನು ಎಂಬ ವಾದ ಆ ಕವಲಿಗೆ ಬೇಕಾಗಿತ್ತು. ಯಾವುದೇ ಪ್ರಸಂಗವನ್ನು ಉಲ್ಲೇಖಿಸುವಾಗ ಅದು ಯಾವ ಕೃತಿಯದ್ದೆಂದು ಬರೆಯಿರಿ. ಎರಡನ್ನೂ ಕಲಸಿ ಒಂದೇ ಕಥೆ ಮಾಡಿದರೆ ಈ ರಾಜಕೀಯವೇ ಮರೆಯಾಗುತ್ತದೆ.

ಮೂರನೆಯ ಸಾಕ್ಷಿ ಕೊರ್ವೆ ಮಠದ ಸನ್ಯಾಸಿ ವಿಡುಕಿಂಡ್ (ಹೆಸರು ಒಂದೇ, ವ್ಯಕ್ತಿ ಬೇರೆ). ಮಟಿಲ್ಡಾ ಓದು ಕಲಿತದ್ದು ರಾಜ ಸತ್ತ ನಂತರ ಎನ್ನುತ್ತಾನೆ ಈತ. ಜೀವನಚರಿತೆಗಳಲ್ಲಾದರೆ ಆಕೆ ಮಠದಲ್ಲಿ ಬಾಲ್ಯದಲ್ಲೇ ಬೈಬಲ್ಲಿನ ಕೀರ್ತನೆಗಳ ಪುಸ್ತಕ ಓದುತ್ತಾಳೆ. ಸಂತಳ ಬಾಲ್ಯ ಹೇಗಿರಬೇಕು ಎಂಬ ಮಾದರಿ ಜೀವನಚರಿತೆಕಾರರ ಕೈ ಹಿಡಿದು ನಡೆಸಿರಬಹುದು. ನನಗಂತೂ ವಿಡುಕಿಂಡ್‌ನ ಮಾತೇ ಹೆಚ್ಚು ನಂಬಲರ್ಹ ಅನಿಸುತ್ತದೆ.

936ರ ಜುಲೈ 2ರಂದು ರಾಜ ಹೆನ್ರಿ ಮೆಮ್ಲೆಬೆನ್‌ನಲ್ಲಿ ತೀರಿಕೊಂಡ. ಆ ದಿನ ಇನ್ನೂ ಊಟ ಮಾಡದ ಪಾದ್ರಿ ಯಾರಾದರೂ ಇದ್ದಾರೆಯೇ ಎಂದು ರಾಣಿ ಕೇಳಿದಳಂತೆ. ಬಲಿಪೂಜೆ (ಕ್ರೈಸ್ತರ ಮಾಸ್) ಅರ್ಪಿಸುವವನು ಉಪವಾಸವಿರಬೇಕಿತ್ತು. ಅಡಾಲ್ಡಾಗ್ ಎಂಬಾತ ಮುಂದೆ ಬಂದು ಪೂಜೆ ಅರ್ಪಿಸಿದಾಗ ತನ್ನ ಕೈಯ ಚಿನ್ನದ ಬಳೆಗಳನ್ನು ತೆಗೆದು ಕೊಟ್ಟಳು. ಸತ್ತವರಿಗಾಗಿ ಪ್ರಾರ್ಥನೆ ನಿಲ್ಲದಂತೆ ನೋಡಿಕೊಳ್ಳುವುದು ಮುಂದಿನ 32 ವರ್ಷ ಆಕೆಯ ಮುಖ್ಯ ಕೆಲಸವಾಯಿತು. ಹೆನ್ರಿಯ ಸಮಾಧಿಯಿದ್ದ ಕ್ವೆಡ್ಲಿನ್‌ಬರ್ಗ್‌ನಲ್ಲಿ 936ರಲ್ಲೇ ಮಠ, ನಂತರ ಪೋಲ್ಡೆ, ಎಂಗರ್, ನಾರ್ಡ್‌ಹೌಸೆನ್‌ಗಳಲ್ಲಿ. ಈ ಪಟ್ಟಿಯನ್ನು 929ರ ಪತ್ರದ ಪಕ್ಕ ಇಟ್ಟು ನೋಡಿ: ಗಂಡ ಕೊಟ್ಟ ಊರುಗಳಲ್ಲಿ ಮೂರು ಮಠಗಳಾದವು. ಸಾಯುವ ಮುನ್ನ, ಸತ್ತವರ ಹೆಸರುಗಳಿದ್ದ ಪುಸ್ತಕವನ್ನು ಕ್ವೆಡ್ಲಿನ್‌ಬರ್ಗ್‌ನ ಮುಖ್ಯಸ್ಥೆಯಾದ ಮೊಮ್ಮಗಳ ಕೈಗಿತ್ತಳು. ಆ ಮೊಮ್ಮಗಳ ಹೆಸರೂ ಮಟಿಲ್ಡಾ, ಎಚ್ಚರವಿರಲಿ.

ನಿಧನ 968ರ ಮಾರ್ಚ್ 14. ಹಬ್ಬವೂ ಅದೇ ದಿನ. ಪೋಪ್ ಈಕೆಯನ್ನು ಸಂತಳೆಂದು ಘೋಷಿಸಿದ ವರ್ಷ ಯಾವುದೆಂದು ಹುಡುಕುತ್ತ ಕೂರಬೇಡಿ. ಪೋಪ್ ಘೋಷಣೆಯ ದಾಖಲೆಯುಳ್ಳ ಮೊದಲ ಸಂತ ಆಗ್ಸ್‌ಬರ್ಗ್‌ನ ಉಲ್ರಿಚ್, ಅದು 993ರಲ್ಲಿ. ಮಟಿಲ್ಡಾಳ ಗೌರವ ಸ್ಯಾಕ್ಸನಿಯ ಮಠಗಳ ಆರಾಧನೆಯಿಂದಲೇ ಬೆಳೆದದ್ದು. ಕ್ವೆಡ್ಲಿನ್‌ಬರ್ಗ್‌ನ ನೆಲಮಾಳಿಗೆಯಲ್ಲಿ ಆಕೆಯ ಕಲ್ಲಿನ ಶವಪೆಟ್ಟಿಗೆ ಇಂದಿಗೂ ಇದೆ; ಪಕ್ಕದ ಹೆನ್ರಿಯ ಅವಶೇಷಗಳು ಮಾತ್ರ ಕಾಣೆಯಾಗಿವೆ.