ಎರಡೆರಡು ಸಲ ‘ಹೊಸ ಗಾಯಕಿ’ ಅನಿಸಿಕೊಂಡ ರಾಬಿನ್

ಸ್ವೀಡನ್ನಿನ ರಾಬಿನ್ ಯಾರು ಅಂತ ಕೇಳಿದರೆ ಎರಡು ಥರದ ಉತ್ತರ ಸಿಗುತ್ತದೆ. 1997ರ ಸುಮಾರಿಗೆ ಅಮೆರಿಕದ ರೇಡಿಯೊ ಕೇಳುತ್ತಿದ್ದವರಿಗೆ ಆಕೆ ಹದಿಹರೆಯದ ಪಾಪ್ ಹುಡುಗಿ. 2010ರಲ್ಲಿ ಪರಿಚಯವಾದವರಿಗೆ ಕುಣಿಸುತ್ತಲೇ ಅಳಿಸುವ ಗಾಯಕಿ. ಇಬ್ಬರೂ ಒಬ್ಬರೇ ಅಂತ ಗೊತ್ತಿಲ್ಲದವರೂ ಇದ್ದಾರೆ. ಗೋಜಲಿರುವುದು ನಡುವಿನ ವರ್ಷಗಳಲ್ಲಿ.

1974ರಲ್ಲಿ ಸ್ವೀಡನ್ನಿನ ಆಬಾ ತಂಡ ಯೂರೋವಿಷನ್ ಎಂಬ ಯುರೋಪಿನ ಹಾಡಿನ ಸ್ಪರ್ಧೆ ಗೆದ್ದಿತು. 90ರ ದಶಕಕ್ಕೆ ಸ್ಟಾಕ್‌ಹೋಮ್‌ನ ಸ್ಟುಡಿಯೊಗಳು ಜಗತ್ತಿಗೇ ಹಾಡು ಕಟ್ಟಿಕೊಡುತ್ತಿದ್ದವು. ರಾಬಿನ್ ಮಿರಿಯಮ್ ಕಾರ್ಲ್‌ಸನ್ ಹುಟ್ಟಿದ್ದು ಅದೇ ಊರಲ್ಲಿ, 1979ರಲ್ಲಿ. ಅಪ್ಪ ಅಮ್ಮ ನಾಟಕದವರು. ಅವರಿಬ್ಬರೂ ಬೇರೆಯಾದಾಗ ಮಗಳು ಅದರ ಮೇಲೇ ಒಂದು ಹಾಡು ಬರೆದಳು. ಸಂಗೀತ ಶಿಬಿರಕ್ಕೆಂದು ಶಾಲೆಗೆ ಬಂದಿದ್ದ ಗಾಯಕಿ ಮೇಯಾ ಅದನ್ನು ಕೇಳಿದರು. ಅಲ್ಲಿಂದ ಎಲ್ಲಾ ಸಲೀಸು. 1995ರಲ್ಲಿ ಮೊದಲ ಆಲ್ಬಮ್ ಬಂತು. ಸ್ವೀಡನ್ನಿನ ಸಂಗೀತ ನಿರ್ಮಾಪಕರಾದ ಡೆನಿಜ್ ಪಾಪ್, ಮ್ಯಾಕ್ಸ್ ಮಾರ್ಟಿನ್ ಜೊತೆ ಮಾಡಿದ ಎರಡು ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಹತ್ತರೊಳಗೆ ಬಂದವು.

1999ರ ‘ಮೈ ಟ್ರೂತ್’ ಆಲ್ಬಮ್ಮಿನಿಂದ ತಕರಾರು ಶುರು. ಅದರಲ್ಲಿ ರಾಬಿನ್ ತಮ್ಮ ಗರ್ಭಪಾತದ ಬಗ್ಗೆಯೂ ಹಾಡಿದ್ದರು. ಸ್ವೀಡನ್ನಿನಲ್ಲಿ ಅದು ಗಲಾಟೆಯ ವಿಷಯವಲ್ಲ. ಅಲ್ಲಿ 1975ರಿಂದಲೂ 18 ವಾರದವರೆಗೆ ಆ ತೀರ್ಮಾನ ಹೆಂಗಸಿನದ್ದೇ. ಅಮೆರಿಕದ ಮಾರುಕಟ್ಟೆಯ ಲೆಕ್ಕ ಬೇರೆ. ಆಲ್ಬಮ್ ಬದಲಿಸಿ ಎಂಬ ಮಾತು ರೆಕಾರ್ಡ್ ಕಂಪನಿಯಿಂದ ಬಂತು. ರಾಬಿನ್ ಒಪ್ಪಲಿಲ್ಲ, ಆಲ್ಬಮ್ ಅಲ್ಲಿ ಬಿಡುಗಡೆಯಾಗಲಿಲ್ಲ. ಮಾರಾಟ ನೋಡಿಕೊಳ್ಳುವವರು ಮಾರಾಟವನ್ನೇ ನೋಡುತ್ತಾರೆ, ಅದು ಅವರ ಕೆಲಸ. ಆದರೆ ಇಪ್ಪತ್ತು ವರ್ಷದವಳು ಬರೆದ ಸತ್ಯ ಯಾವ ದೇಶದಲ್ಲಿ ಓಡುತ್ತದೆ ಅಂತ ತೂಕ ಹಾಕಿದರೆ ಬರೆದವಳಿಗೆ ಹೇಗನಿಸಬೇಡ?

ಆಮೇಲೆ ನಡೆದದ್ದು ತಮಾಷೆಯೇ ಸರಿ. ರಾಬಿನ್ ಆ ಕಂಪನಿ ಬಿಟ್ಟು ಇನ್ನೊಂದಕ್ಕೆ ಹೋದರು. ಸ್ವಲ್ಪ ದಿನದಲ್ಲಿ ಹಳೆ ಕಂಪನಿಯೇ ಹೊಸದನ್ನು ಕೊಂಡುಕೊಂಡಿತು! ಆ ಹೊತ್ತಿಗೆ ಆಕೆಗೆ ದ ನೈಫ್ ಎಂಬ ಸ್ವೀಡಿಷ್ ಜೋಡಿಯ ಒರಟು ಎಲೆಕ್ಟ್ರಾನಿಕ್ ಸಂಗೀತದ ಹುಚ್ಚು ಹಿಡಿದಿತ್ತು. ಅವರ ಜೊತೆ ಮಾಡಿದ ಹಾಡು ಕಂಪನಿಗೆ ಹಿಡಿಸಲಿಲ್ಲ. ಕೊನೆಗೆ ಕರಾರಿನಿಂದ ಬಿಡಿಸಿಕೊಂಡು, 2005ರಲ್ಲಿ ಕೊನಿಚಿವಾ ರೆಕಾರ್ಡ್ಸ್ ಅಂತ ಸ್ವಂತ ಕಂಪನಿ ಶುರು ಮಾಡಿದರು. ಅದರ ಮೊದಲ ಆಲ್ಬಮ್ಮಿಗೆ ತಮ್ಮ ಹೆಸರನ್ನೇ ಇಟ್ಟರು. ಯಾರ ಹಾಡು ಇದು ಅನ್ನುವ ಪ್ರಶ್ನೆಯೇ ಬರಬಾರದು, ಅಲ್ವಾ?

ಫಲ ಕೈಗೆ ಬರಲು ಎರಡು ವರ್ಷ ಬೇಕಾಯಿತು. 2007ರ ಆಗಸ್ಟಿನಲ್ಲಿ, ಸ್ವೀಡಿಷ್ ಸಂಗೀತ ನಿರ್ಮಾಪಕ ಕ್ಲೇರುಪ್ ಜೊತೆ ಮಾಡಿದ ‘ವಿತ್ ಎವ್ರಿ ಹಾರ್ಟ್‌ಬೀಟ್’ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು. ಅದರಲ್ಲಿ ನಡುವೆ ತಾಳವೆಲ್ಲ ನಿಂತು ಬರೀ ಪಿಟೀಲುಗಳು ಉಳಿಯುತ್ತವೆ. ದೊಡ್ಡ ಕಂಪನಿಯ ಮೀಟಿಂಗಿನಲ್ಲಿ ಆ ಭಾಗಕ್ಕೆ ಖಂಡಿತ ಕತ್ತರಿ ಬೀಳುತ್ತಿತ್ತು ಅಂತ ನನ್ನ ಗುಮಾನಿ. 2010ರಲ್ಲಿ ‘ಬಾಡಿ ಟಾಕ್’ ಆಲ್ಬಮ್ಮನ್ನು ಜೂನ್, ಸೆಪ್ಟೆಂಬರ್, ನವೆಂಬರ್ ಅಂತ ಮೂರು ಕಂತಿನಲ್ಲಿ ಬಿಟ್ಟರು. ‘ಡಾನ್ಸಿಂಗ್ ಆನ್ ಮೈ ಓನ್’ ಬಂದದ್ದು ಅದರಲ್ಲೇ. ಹಳೆ ಹುಡುಗ ಇನ್ನೊಬ್ಬಳ ಜೊತೆಗಿರುವುದನ್ನು ಮೂಲೆಯಿಂದ ನೋಡುತ್ತಾ ಒಬ್ಬಳೇ ಕುಣಿಯುವವಳ ಹಾಡು. ಅಮೆರಿಕದ ಮುಖ್ಯ ಪಟ್ಟಿಯಲ್ಲಿ ಅದು ಅಂಥ ಸದ್ದೇನೂ ಮಾಡಲಿಲ್ಲ. ಆದರೂ 2019ರ ಮಾರ್ಚಿನಲ್ಲಿ, ನ್ಯೂಯಾರ್ಕಿನಲ್ಲಿ ರಾಬಿನ್ ಅವರ ಸಂಗೀತ ಕಛೇರಿ ಕೇಳಿ ಹೊರಟ ಜನ ಸಬ್‌ವೇ ರೈಲಿನ ಪ್ಲಾಟ್‌ಫಾರಂ ತುಂಬಾ ನಿಂತು ಅದನ್ನೇ ಹಾಡಿದರು.

ಅದಕ್ಕೂ ಮುಂಚೆ ದೊಡ್ಡ ಅಂತರವಿತ್ತು. 2014ರಲ್ಲಿ ಆಪ್ತ ಗೆಳೆಯ, ಸಂಗೀತ ನಿರ್ಮಾಪಕ ಕ್ರಿಶ್ಚಿಯನ್ ಫಾಕ್ ತೀರಿಕೊಂಡರು. ರಾಬಿನ್ ಅವರ ಸ್ವಂತ ಆಲ್ಬಮ್ ‘ಹನಿ’ ಬರುವಷ್ಟರಲ್ಲಿ 2018 ಆಗಿತ್ತು, ಅಂದರೆ ‘ಬಾಡಿ ಟಾಕ್’ ಆದಮೇಲೆ ಎಂಟು ವರ್ಷ. ಆಮೇಲೆ ಆಕೆಯ ಸ್ವಂತ ಹೊಸ ಹಾಡು ‘ಡೋಪಮೀನ್’ ಬಂದದ್ದು 2025ರ ನವೆಂಬರಿನಲ್ಲಿ. ಅವಸರ ಮಾಡಿ ಅಂತ ಹೇಳಲು ಮೇಲೆ ಯಾರೂ ಇಲ್ಲವಲ್ಲ.